ಲೊರೆಟಾಳ ಅಳತೆಯ ಬೂಟು

"ನಾನು ಈ ಕೆಲಸ ಬಿಡೋದ್ರೊಳಗೆ ನಿನ್ನ ಕಾಲಿಗೆ ಸರಿಯಾಗಿ ಕೂರೋ ಬೂಟು ಹಾಕಿಸ್ತೀನಿ, ನೋಡ್ತಾ ಇರು" ಎಂದು ಮೇಸ್ತ್ರಿ ಆರಿನ್ ಮಾತು ಕೊಟ್ಟು ಹದಿನೆಂಟು ವರ್ಷವಾಗಿತ್ತು. ವಿಸ್ಕಾನ್ಸಿನ್ನಿನ ಆ ಎರಕದ ಕಾರ್ಖಾನೆಗೆ ಸೇರಿದ ಮೊದಲ ದಿನ ಲೊರೆಟಾ ಕುಬಿಯಾಕ್ ಗಂಡಸರ ಬೂಟು ತೊಟ್ಟು, ಎರಡು ದೋಣಿ ಎಳೆಯುವವಳಂತೆ ನಡೆದು ಬಂದಿದ್ದಳು.

ನಾಳೆ ಆರಿನ್ ನಿವೃತ್ತನಾಗುತ್ತಾನೆ. ಇವತ್ತು ಕಾರ್ಖಾನೆಯ ಅಂಗಳಕ್ಕೇ ಬಂದು ಬೂಟು ಮಾರುವ ಲಾರಿ ಬಂದಿದೆ. ಇನ್ನು ಬರುವುದು ಆರು ತಿಂಗಳಿಗೆ. ಕಳೆದ ತಿಂಗಳು ಕಬ್ಬಿಣ ಹೊಯ್ಯುವ ಸಾಲಿನಲ್ಲಿ ಲೊರೆಟಾ ಎಡವಿದ್ದಳು. ಪುಣ್ಯಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಸುರಕ್ಷತಾ ಕಚೇರಿಯಿಂದ ಚೀಟಿ ಬಂತು: ಈ ಸಲವೂ ಹೊಂದುವ ಬೂಟು ಸಿಗದಿದ್ದರೆ ಅವಳು ಪ್ಯಾಕಿಂಗ್ ಶೆಡ್ಡಿಗೆ. ಕೆಂಪಗೆ ಕುದಿಯುವ ಲೋಹ ಅಚ್ಚಿಗಿಳಿಯುವುದನ್ನು ಕಣ್ತುಂಬ ನೋಡಿಕೊಂಡು ಬಂದವಳಿಗೆ ರಟ್ಟಿನ ಡಬ್ಬಿ ಮಡಚುವ ಕೆಲಸ! ನೆನೆದರೇ ಮೈ ಉರಿಯುತ್ತಿತ್ತು.

ಲಾರಿಯೊಳಗೆ ಎರಡೂ ಕಡೆ ಬೂಟಿನ ಪೆಟ್ಟಿಗೆ, ನಡುವೆ ಒಂದು ಬೆಂಚು. ಮಾರುವ ಹುಡುಗಿ ಯೆಸೇನಿಯಾ ಈ ಊರಿಗೆ ಹೊಸಬಳು.

"ನಂಬರ್ ಏಳು ಕೊಡಮ್ಮಾ," ಎಂದಳು ಲೊರೆಟಾ. "ಹೆಂಗಸರದ್ದು, ಪಾದದ ಮೇಲೆ ಕವಚ ಇರೋದು. ಬೆಳಿಗ್ಗೆ ಸರಿ ಇರತ್ತೆ, ಊಟದ ಹೊತ್ತಿಗೆ ಲೊಳಲೊಳ ಅನ್ನತ್ತೆ. ನನ್ನ ಕಾಲೇ ಹಾಗೆ."

"ಕಾಲು ಹಾಗಿರಲ್ಲ ಮೇಡಂ. ಕಾಲುಚೀಲ ತೆಗೀರಿ, ಅಳೆಯೋಣ."

"ತೆಗಿಯೋದಾ? ಯಾಕೆ? ಯಾವತ್ತೂ ಇದರ ಮೇಲೇ ಅಳೆದಿರೋದು."

"ಎಷ್ಟು ಜೊತೆ ಹಾಕಿದೀರಿ?"

"ಎರಡು. ಉಣ್ಣೇದು."

ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಕುಲುಮೆಯ ಡ್ವೇನ್ ಇಣುಕಿದ. "ತೆಗಿಯೇ ಮಾರಾಯ್ತಿ, ನಾವು ಮೂಗು ಮುಚ್ಕೊಂಡಿದೀವಿ!"

"ಮುಚ್ಕೋ, ಹಾಗೇ ಬಾಯೂ ಮುಚ್ಕೋ," ಎಂದು ಲೊರೆಟಾ ಒಂದೊಂದೇ ಚೀಲ ಎಳೆದಳು. ಮಗಳು ಭಾನುವಾರ ಹಟ ಹಿಡಿದು ಹಚ್ಚಿದ್ದ ಬಣ್ಣ; ಹತ್ತು ಉಗುರಿಗೆ ಹತ್ತು ಬಗೆ. ಲಾರಿಗೆ ಲಾರಿಯೇ ಹೋ ಎಂದಿತು.

ಯೆಸೇನಿಯಾ ಅಳತೆಪಟ್ಟಿಯ ಮೇಲೆ ಪಾದ ಇಟ್ಟು, ಹೆಬ್ಬೆರಳು ಒತ್ತಿ ನೋಡಿದಳು. "ಐದೂವರೆ."

"ಏನು ಐದೂವರೆ?"

"ನಿಮ್ಮ ನಂಬರು. ಚೀಲ ಬೆವರಿಗೆ ಚಪ್ಪಟೆ ಆಗ್ತಿತ್ತು, ಬೂಟು ಸಡಿಲ ಆಗ್ತಿತ್ತು, ಅಷ್ಟೆ."

ಮೊದಲ ವರ್ಷ ಬೂಟು ದೊಡ್ಡದೆಂದು ಎರಡು ಜೊತೆ ಚೀಲ. ಆಮೇಲೆ ವರ್ಷ ವರ್ಷವೂ ಆ ಚೀಲಗಳಿಗೆಂದೇ ಬೂಟು. ಬೂಟು ನೋಡಲೆಂದೇ ಬಂದು ಹಿಂದೆ ನಿಂತಿದ್ದ ಆರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಯ್ಯೋ ದೇವರೇ. ಪ್ರತಿ ಸಲ ಆರ್ಡರ್ ಬರೆದವನು ನಾನೇ ಅಲ್ವಾ! ನಿನ್ನ ಕಾಲಿಗಲ್ಲ ಲೊರೆಟಾ, ಕುರಿಗೆ ಬೂಟು ತರಿಸ್ತಿದ್ದೆ ನಾನು."

ನಗು ನಿಂತ ಮೇಲೆ ಎಲ್ಲರೂ ಪೆಟ್ಟಿಗೆಗಳತ್ತ ನೋಡಿದರು. ಐದೂವರೆ, ಅದೂ ಕವಚ ಇರುವುದು, ಲಾರಿಯಲ್ಲಿ ಉಂಟೋ ಇಲ್ಲವೋ? ಯೆಸೇನಿಯಾ ಏಣಿ ಹತ್ತಿದಳು. ಪೆಟ್ಟಿಗೆ ಸರಿಸಿದಳು, ಇನ್ನೊಂದು ಸರಿಸಿದಳು. ಲೊರೆಟಾ ಬರಿಗಾಲನ್ನು ಬೆಂಚಿನಡಿ ಮುದುಡಿಕೊಂಡು ಕೂತಳು.

"ಒಂದೇ ಒಂದು ಜೋಡಿ ಇದೆ!"

ಯೆಸೇನಿಯಾ ಕೊಟ್ಟ ತೆಳು ಕಾಲುಚೀಲದ ಮೇಲೆ ಬೂಟು ಏರಿತು. ಬೆರಳಾಡಲು ಜಾಗ, ಹಿಮ್ಮಡಿಗೆ ಬಿಗಿ. ಲೊರೆಟಾ ಮೆಟ್ಟಿಲಿಳಿದು, ಅಂಗಳ ಸುತ್ತಿ, ಓಡಿ ಬಂದಳು. ಕೊನೆಗೆ ಸುಮ್ಮನೆ ಕುಣಿದಳು.

"ಈಗಷ್ಟೇ ನಡೆಯೋಕೆ ಕಲಿತ ಮಗು ಥರ ಆಡ್ತಿದಾಳಲ್ಲೋ ಇವಳು!" ಎಂದ ಡ್ವೇನ್.

ಆ ಕಾರ್ಖಾನೆಯಲ್ಲಿ ಹೊಸ ಬೂಟಿನ ಉಕ್ಕಿನ ಮೂತಿಯನ್ನು ಸಾಲಿನವರೆಲ್ಲ ಒಂದೊಂದು ಸಲ ತುಳಿಯಬೇಕು. ಆಮೇಲೆಯೇ ಅದು ಕೆಲಸದ ಬೂಟು. ಆರಿನ್ ಮೊದಲು ತುಳಿದ, ತನ್ನ ನೂರಿಪ್ಪತ್ತು ಕಿಲೋ ಭಾರವನ್ನೆಲ್ಲ ಬಿಟ್ಟು.

"ನೋವಾಯ್ತಾ?"

"ಇನ್ನೊಂದು ಸಲ ತುಳಿ!"

ಆರಿನ್ ಅವಳ ಬೆನ್ನನ್ನೇ ಮೇಜು ಮಾಡಿಕೊಂಡು ಸುರಕ್ಷತಾ ಕಚೇರಿಯ ಚೀಟಿಯ ಮೇಲೆ 'ಬೂಟು ಹೊಂದುತ್ತದೆ, ಹೊಯ್ಯುವ ಸಾಲಿನಲ್ಲೇ ಇರಲಿ' ಎಂದು ಬರೆದು ಸಹಿ ಹಾಕಿದ.

ಮಾತು ಉಳಿಸಿಕೊಂಡ.