ತೂಕದಣ್ಣನ ನೂರ ನಲವತ್ತು

ಬೆಳಗ್ಗೆ ಹತ್ತೂವರೆ. ಜಲ್ಲಿ ತುಂಬಿದ ನನ್ನ ಲಾರಿ ವೇಬ್ರಿಡ್ಜ್ ಮೇಲೆ ಹತ್ತಿ ನಿಂತು ಐದು ನಿಮಿಷ ಆಗಿತ್ತು. ಹಿಂದೆ ಇನ್ನೂ ಏಳು ಲಾರಿಗಳು. ಒಬ್ಬೊಬ್ಬರದೂ ಒಂದೊಂದು ರಾಗದ ಹಾರ್ನ್. ತೂಕದ ಚೀಟಿ ಕೊಡಬೇಕಾದ ಮನುಷ್ಯ ಮಾತ್ರ ಗಾಜಿನ ಕೋಣೆಯೊಳಗೆ ಗಲ್ಲವನ್ನು ಎದೆಗೆ ಊರಿ ಗೊರಕೆ ಹೊಡೆಯುತ್ತಿದ್ದ.

ವೇಬ್ರಿಡ್ಜ್ ನೋಡದವರಿಗೆ ಹೇಳಿಬಿಡುತ್ತೇನೆ. ಅದು ರಸ್ತೆಯ ಮಟ್ಟಕ್ಕೆ ಹಾಸಿದ ದೊಡ್ಡ ಉಕ್ಕಿನ ಹಲಗೆ. ಲಾರಿ ಹತ್ತಿ ನಿಂತರೆ ಹೊರಗಿನ ಫಲಕದಲ್ಲಿ ಕೆಂಪು ಅಂಕಿಗಳಲ್ಲಿ ತೂಕ ಬರುತ್ತದೆ. ಪಕ್ಕದ ಕೋಣೆಯಲ್ಲಿ ಕೂತವನು ಚೀಟಿ ಹರಿದು ಕೊಡುತ್ತಾನೆ. ಅವನನ್ನು ನಾವು ಡ್ರೈವರುಗಳೆಲ್ಲ ತೂಕದಣ್ಣ ಎನ್ನುತ್ತೇವೆ. ಹೆಸರು ಕೆಲಸಕ್ಕೂ ಸರಿ, ಆಳಿಗೂ ಸರಿ ಎಂದು ಕೆಲವರು ಕಿಸಕ್ಕನೆ ನಗುತ್ತಾರೆ. ನಾನು ನಗುವುದಿಲ್ಲ.

ಇಳಿದು ಹೋಗಿ ಗಾಜು ತಟ್ಟಿದೆ. ಬೆಚ್ಚಿಬಿದ್ದು ಎದ್ದ.

"ಏನಣ್ಣ, ರಾತ್ರಿ ನಿದ್ದೆ ಮಾಡಲ್ವಾ?"

"ಒಂಬತ್ತು ಗಂಟೆ ಮಲಗ್ತೀನಪ್ಪ. ಎದ್ರೆ ಮಲಗೇ ಇಲ್ವೇನೋ ಅನ್ಸುತ್ತೆ. ಗೊರಕೆ ಹೊಡೀತಾ ಹೊಡೀತಾ ಉಸಿರು ನಿಂತುಹೋಗುತ್ತಂತೆ. ನಿಮ್ಮತ್ತಿಗೆ ಅಲ್ಲಾಡಿಸ್ತಾಳೆ, ಆಮೇಲೆ ಮತ್ತೆ ಶುರುವಾಗುತ್ತಂತೆ."

"ಡಾಕ್ಟರಿಗೆ ತೋರಿಸಿದ್ಯಾ?"

"ಸಕ್ಕರೆ ಕಾಯಿಲೆ ಮಾತ್ರೆ ತಗೋಳಕ್ಕೆ ಒಂದ್ಸಲ ಹೋಗಿದ್ದೆ. ಅಲ್ಲಿದ್ದೋರು ತೂಕ ನೋಡಿ ಇಡೀ ಸಾಲಿಗೆ ಕೇಳೋ ಹಾಗೆ ಕೂಗಿದ್ರು. ಎಲ್ರೂ ತಿರುಗಿ ನೋಡಿದ್ರು. ಅವತ್ತೇ ಕೊನೆ." ಅಣ್ಣ ಹೊರಗಿನ ಉಕ್ಕಿನ ಹಲಗೆಯ ಕಡೆ ಕೈ ತೋರಿಸಿದ. "ನನ್ನ ತೂಕಕ್ಕೆ ಯಾರ ಹಂಗೂ ಬೇಡ. ತಿಂಗಳಿಗೊಂದ್ಸಲ, ಮೊದಲನೇ ಲಾರಿ ಬರೋ ಮುಂಚೆ ಇದರ ಮೇಲೆ ನಿಂತ್ಕೋತೀನಿ. ಮೂರು ವರ್ಷದಿಂದ ನೂರ ನಲವತ್ತು. ಆಚೀಚೆ ಆಗಿಲ್ಲ. ಅರವತ್ತು ಟನ್ ತೂಗೋ ಯಂತ್ರ ನನಗೊಬ್ಬನಿಗೆ ಸುಳ್ಳು ಹೇಳುತ್ತಾ?"

ನಾನು ಜೇಬಿನಿಂದ ಹಳೆಯ ಲೈಸೆನ್ಸು ತೆಗೆದು ಕೊಟ್ಟೆ. ಫೋಟೋ ನೋಡಿ, "ಯಾರಿದು, ನಿನ್ನ ಅಣ್ಣಾನಾ?" ಎಂದ.

"ನಾನೇ. ನಾಲ್ಕು ವರ್ಷದ ಹಿಂದೆ, ಈ ಕಡೆ ಲಾರಿ ತರೋ ಮುಂಚೆ. ಸ್ಟಿಯರಿಂಗಿಗೂ ಹೊಟ್ಟೆಗೂ ದಿನಾ ಜಗಳ."

ಅಣ್ಣ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಹಿಂದಿನ ಲಾರಿಯವನು ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ.

"ಆಪರೇಷನ್ ಮಾಡಿಸ್ಕೊಂಡೆ," ಎಂದೆ. "ಊಟ ಹೋಗಿ ಬೀಳೋ ಚೀಲ ಇದೆಯಲ್ಲ, ಜಠರ, ಅದನ್ನ ಚಿಕ್ಕದು ಮಾಡ್ತಾರೆ. ಮಿಕ್ಕ ಕೆಲಸ ಎಲ್ಲಾ ನಾವೇ ಮಾಡ್ಬೇಕು."

"ಭಾನುವಾರ ಮನೆಗೆ ಬಾ," ಎಂದ ಅಣ್ಣ, ಚೀಟಿ ಹರಿಯುತ್ತ. "ನಿಮ್ಮತ್ತಿಗೆ ಎದುರಿಗೆ ಹೇಳು. ನಾನು ಹೇಳಿದ್ರೆ ಕತ್ತರಿ ತಗೊಂಡು ಓಡಿಸ್ತಾಳೆ."

ಅತ್ತಿಗೆ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಗೋಡೆಗೆ ಇಂಚಿನ ಟೇಪು, ನೆಲದ ತುಂಬ ಬಟ್ಟೆಯ ಚೂರು. ಸಣ್ಣ ಮೈಕಟ್ಟು, ಚುರುಕು ಕೈ. ಅಣ್ಣ ಕೂರುವುದಕ್ಕೆಂದೇ ಒಂದು ಕಬ್ಬಿಣದ ಬೆಂಚು ಹಾಕಿಸಿದ್ದರು. ನಾನು ಬಾಯಿ ತೆರೆದು ಎರಡು ಮಾತು ಆಡುವಷ್ಟರಲ್ಲಿ ಯಂತ್ರದ ಚಕ್ರ ನಿಂತಿತು.

"ಒಳ್ಳೇ ಹೊಟ್ಟೆ ಕೊಯ್ಸಿ ಅಂತ ಹೇಳಕ್ಕೆ ಬಂದ್ರಾ? ಬಾಯಿ ಕಟ್ಟಿದ್ರೆ ಸಾಕು, ಎಲ್ಲಾ ಇಳಿಯುತ್ತೆ."

"ಕಟ್ಟಿದ್ನಲ್ಲೇ!" ಅಣ್ಣನ ದನಿ ಏರಿತು. "ಹೋದ ವರ್ಷ ಎರಡು ತಿಂಗಳು ಅರ್ಧ ಹೊಟ್ಟೇಲಿ ಮಲಗಿದ್ದೆ. ಯಂತ್ರದ ಮೇಲೆ ನಿಂತ್ರೆ ನೂರ ನಲವತ್ತಂದ್ರೆ ನೂರ ನಲವತ್ತೇ. ಯಾರಿಗೆ ಬೇಕು ಆ ಶಿಕ್ಷೆ ಅಂತ ಬಿಟ್ಟೆ."

ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಆಗ ಹೊಳೆಯಿತು.

"ಅಣ್ಣ, ಆ ಯಂತ್ರ ಎಷ್ಟೆಷ್ಟು ಕೆಜಿಗೆ ಅಂಕಿ ಬದಲಾಯಿಸುತ್ತೆ?"

"ಇಪ್ಪತ್ತಿಪ್ಪತ್ತಕ್ಕೆ. ಲಾರಿಗೆ ಅಷ್ಟು ಸಾಕು. ಹತ್ತು ಕೆಜಿ ಹೆಚ್ಚು ಕಡಿಮೆ ಅಂತ ಜಗಳಕ್ಕೆ ಬರೋ ಡ್ರೈವರುಗಳಿಗೆ ದಿನಾ ಹೇಳ್ತೀನಲ್ಲ, ಇದು ಚಿನ್ನ ತೂಗೋ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಅತ್ತಿಗೆ ಎದ್ದು ಒಳಗೆ ಹೋಗಿ ಅಣ್ಣನ ಒಂದು ಅಂಗಿ ತಂದರು. ಎರಡೂ ಬಗಲಿಗೆ ಅದೇ ಬಣ್ಣದ, ಆದರೆ ಬೇರೆ ಬಟ್ಟೆಯ ಪಟ್ಟಿ ಸೇರಿಸಿ ಹೊಲಿದಿತ್ತು. ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ.

"ಮೂರು ವರ್ಷದಲ್ಲಿ ಎರಡು ಸಲ ಅಗಲ ಮಾಡಿದ್ದೀನಿ," ಎಂದರು ಮೆಲ್ಲಗೆ. "ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

"ನೂರ ಮೂವತ್ತಿದ್ರೂ ಅದು ನೂರ ನಲವತ್ತು ತೋರಿಸುತ್ತೆ," ಎಂದ ಅಣ್ಣ. ಯಾರಿಗೋ ಚೀಟಿ ಓದಿ ಹೇಳುವವನ ದನಿ. "ನೂರ ನಲವತ್ತೊಂಬತ್ತಿದ್ರೂ ನೂರ ನಲವತ್ತೇ."

ಹದಿನೆಂಟು ವರ್ಷ ಆ ಕೋಣೆಯಲ್ಲಿ ಕೂತವನು ಪರರ ಲಾರಿಗೆ ಹೇಳುವ ಮಾತನ್ನು ತನಗೆ ಹೇಳಿಕೊಂಡಿರಲಿಲ್ಲ. ಅವನು ಅರ್ಧ ಹೊಟ್ಟೆಯಲ್ಲಿ ಮಲಗಿದ ಎರಡು ತಿಂಗಳಲ್ಲಿ ನಾಲ್ಕೈದು ಕೆಜಿ ಇಳಿದಿತ್ತೋ ಏನೋ, ಆ ಯಂತ್ರಕ್ಕೆ ಅದು ಕಾಣಲಿಲ್ಲ. ಆಮೇಲೆ ಏರಿದ್ದೂ ಕಾಣಲಿಲ್ಲ.

ಅತ್ತಿಗೆ ಅಂಗಿಯನ್ನು ಮಡಚುತ್ತಲೇ ಇದ್ದರು. "ನಮ್ಮಮ್ಮ ಆಪರೇಷನ್ ಅಂತ ನಡ್ಕೊಂಡೇ ಆಸ್ಪತ್ರೆಗೆ ಹೋದ್ರು. ನಡ್ಕೊಂಡು ವಾಪಸ್ ಬರ್ಲಿಲ್ಲ. ಇವರನ್ನೂ ಕಳಿಸು ಅಂತೀರಾ?"

ಕತ್ತರಿಯ ಭಯ ನನಗಿರಲಿಲ್ಲ. ಆ ಪ್ರಶ್ನೆಯ ಭಯ ಇತ್ತು. ಏನೂ ಆಗಲ್ಲ ಬಿಡಿ ಎಂದು ಹೇಳುವುದು ಸುಲಭ. ಹಾಗೆ ಹೇಳಲಿಲ್ಲ.

"ಅತ್ತಿಗೆ, ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ನಂಬಬೇಡಿ. ಮಾಡಿಸಿ ಅಂತಾನೂ ನಾನು ಹೇಳ್ತಿಲ್ಲ. ಶುಕ್ರವಾರ ಸಂಜೆ ಆಸ್ಪತ್ರೆಯಲ್ಲಿ ನಮ್ಮ ಗುಂಪು ಸೇರುತ್ತೆ. ಮಾಡಿಸಿಕೊಂಡೋರು, ಮಾಡಿಸಬೇಕಾ ಅಂತ ಯೋಚಿಸ್ತಿರೋರು, ಬೇಡ ಅಂದೋರು, ಎಲ್ರೂ ಬರ್ತಾರೆ. ಇಬ್ರೂ ಬನ್ನಿ. ಕೇಳಿದ ಮೇಲೆ ಬೇಡ ಅನ್ಸಿದ್ರೆ ಬೇಡ."

ಶುಕ್ರವಾರ ಬಂದರು. ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಕೋಣೆ. ಅಣ್ಣ ಬಾಗಿಲಲ್ಲೇ ನಿಂತ. ಒಳಗಿದ್ದವರ ಮುಖ ನೋಡಲಿಲ್ಲ, ಕುರ್ಚಿಗಳನ್ನು ನೋಡಿದ. ಅಗಲವಾದ, ಗಟ್ಟಿ ಕಾಲಿನ ಕುರ್ಚಿಗಳು. ಯಾವುದಕ್ಕೂ ಪಕ್ಕದಲ್ಲಿ ಕೈಯಿಲ್ಲ.

"ಕೈ ಇಲ್ಲ ಕಣೋ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಕೈಯಿರುವ ಕುರ್ಚಿಯಲ್ಲಿ ಸಿಕ್ಕಿಕೊಂಡು, ಏಳುವಾಗ ಕುರ್ಚಿಯೂ ಜೊತೆಗೇ ಎದ್ದ ಅನುಭವ ಇರುವವರಿಗೆ ಮಾತ್ರ ಆ ಮಾತು ಅರ್ಥವಾಗುತ್ತದೆ. ಮೊದಲ ದಿನ ನಾನೂ ಅದನ್ನೇ ನೋಡಿದ್ದೆ. ಅಣ್ಣ ಹೋಗಿ ಕೂತ, ಆರಾಮಾಗಿ ಕಾಲು ಚಾಚಿದ. ಅವನು ಹೊರಗೆ ಎಲ್ಲಾದರೂ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಗುಂಪು ನಡೆಸುವ ನರ್ಸಕ್ಕ ಅವನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ತೂಕ ನೋಡಿದರು. ಬಾಯಿಬಿಟ್ಟು ಹೇಳಲಿಲ್ಲ, ಚೀಟಿಯಲ್ಲಿ ಬರೆದು ಮಡಚಿ ಕೈಗೆ ಕೊಟ್ಟರು. ಅಣ್ಣ ನೋಡಿ ಅತ್ತಿಗೆಗೆ ಕೊಟ್ಟ. ನೂರ ನಲವತ್ತೊಂಬತ್ತು.

ಅಂದು ಮೊದಲು ಮಾತಾಡಿದ್ದು ಬೇಕರಿ ನಡೆಸುವ ಒಬ್ಬ ಅಕ್ಕ. "ನಾನು ಐವತ್ತು ಕೆಜಿ ಇಳಿಸಿದೆ, ಆಮೇಲೆ ಇಪ್ಪತ್ತು ವಾಪಸ್ ತಂದೆ," ಎಂದರು ನಗುತ್ತ. "ಗೆದ್ದೆ ಅಂದ್ಕೊಂಡು ಈ ಕಡೆ ಬರೋದನ್ನ ಬಿಟ್ಟೆ. ಜಠರ ಚಿಕ್ಕದಾದ್ರೂ ಬಿಸ್ಕತ್ತು ಒಂದೊಂದೇ ಒಳಗೆ ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಈಗ ಮತ್ತೆ ಬರ್ತಿದ್ದೀನಿ, ಮತ್ತೆ ಇಳೀತಿದೆ."

ನಿವೃತ್ತ ಮೇಷ್ಟ್ರೊಬ್ಬರು ಆಪರೇಷನ್ ಬೇಡ ಎಂದು ನಿರ್ಧರಿಸಿದವರು. ಔಷಧಿ, ನಡಿಗೆ, ಊಟದ ಲೆಕ್ಕ, ಇಷ್ಟರಲ್ಲೇ ಅವರಿಗೆ ನಿಧಾನವಾಗಿ ಇಳಿಯುತ್ತಿತ್ತು. ಅವರನ್ನು ಅಲ್ಲಿ ಯಾರೂ ಹೇಡಿ ಎನ್ನಲಿಲ್ಲ. ಆಪರೇಷನ್ ಆದವರನ್ನು ಸೋಮಾರಿ ಎಂದೂ ಯಾರೂ ಅನ್ನಲಿಲ್ಲ.

ಆಪರೇಷನ್ ಮಾಡುವ ಡಾಕ್ಟರಮ್ಮ ಬಂದಾಗ ಅತ್ತಿಗೆ ಚೀಲದಿಂದ ಒಂದು ಕಾಗದ ತೆಗೆದರು. ಅಳತೆ ಬರೆದುಕೊಳ್ಳುವ ಕಾಗದದ ಹಿಂಬದಿಯಲ್ಲಿ ಪ್ರಶ್ನೆಗಳನ್ನು ಬರೆದು ತಂದಿದ್ದರು.

"ಜೀವಕ್ಕೆ ಅಪಾಯ ಇದೆಯಾ?"

"ಇದೆ," ಎಂದರು ಡಾಕ್ಟರಮ್ಮ. "ತುಂಬಾ ಕಡಿಮೆ, ಆದ್ರೆ ಸೊನ್ನೆ ಅಲ್ಲ. ರಕ್ತ ಹೋಗಬಹುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೊಲಿಗೆ ಸೋರಬಹುದು. ಇದ್ಯಾವುದೂ ಆಗದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ. ಈಗಿರೋ ಹಾಗೇ ಇದ್ರೂ ಇವರಿಗೆ ಅಪಾಯ ಇದೆ. ಸಕ್ಕರೆ ಇದೆ, ನಿದ್ದೇಲಿ ಉಸಿರು ನಿಲ್ಲುತ್ತೆ. ಎರಡು ಅಪಾಯಾನೂ ಪಕ್ಕಪಕ್ಕ ಇಟ್ಟು ನೋಡಿ."

ಅತ್ತಿಗೆ ಬೇರೆಲ್ಲ ಪ್ರಶ್ನೆ ಬಿಟ್ಟರು. "ಹೊಲಿಗೆ ಎಷ್ಟು ಸಾಲು ಹಾಕ್ತೀರಾ?"

ಕೋಣೆಯೆಲ್ಲ ನಕ್ಕಿತು. ಡಾಕ್ಟರಮ್ಮ ಮಾತ್ರ ನಗದೆ ಉತ್ತರ ಕೊಟ್ಟರು. "ಸಣ್ಣ ಪಿನ್ನುಗಳಲ್ಲಿ ಒಂದರ ಪಕ್ಕ ಒಂದು, ಸಾಮಾನ್ಯವಾಗಿ ಮೂರು ಸಾಲು. ಆಮೇಲೆ ಸೋರುತ್ತಾ ಅಂತ ಅಲ್ಲೇ ಪರೀಕ್ಷೆ ಮಾಡ್ತೀವಿ."

"ಮೂರು ಸಾಲು," ಎಂದು ಅತ್ತಿಗೆ ಕಾಗದದ ಮೇಲೆ ಬರೆದುಕೊಂಡರು. ಹೊಲಿಗೆಯ ವಿಷಯದಲ್ಲಿ ಅವರಿಗೆ ಮೋಸ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ.

ಮರುದಿನವೇ ಮೇಜಿನ ಮೇಲೆ ಮಲಗಿಸಿಬಿಟ್ಟರು ಎಂದುಕೊಳ್ಳಬೇಡಿ. ನಾಲ್ಕು ತಿಂಗಳು ಹಿಡಿಯಿತು. ನಿದ್ದೆಯ ಪರೀಕ್ಷೆ ಮಾಡಿ, ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಗಾಳಿಯ ಯಂತ್ರ ಕೊಟ್ಟರು. ಹಗಲಿನ ತೂಕಡಿಕೆ ಅದರಿಂದಲೇ ಅರ್ಧ ಹೋಯಿತು. ಆಹಾರ ತಜ್ಞೆ ಏನು, ಎಷ್ಟು, ಯಾವಾಗ ತಿನ್ನಬೇಕು ಎಂದು ಕಲಿಸಿದರು. ಮನಸ್ಸಿನ ವಿಷಯ ಕೇಳುವ ಆಪ್ತ ಸಲಹೆಗಾರರ ಎದುರು ಅಣ್ಣ ಒಂದು ಗಂಟೆ ಕೂತು ಅತ್ತು ಬಂದ. ಏನು ಹೇಳಿಕೊಂಡ ಎಂದು ನಾನು ಕೇಳಲಿಲ್ಲ.

ಕೊನೆಗೆ ಡಾಕ್ಟರಮ್ಮ, "ನಿಮಗೆ ಇದು ಸರಿಹೊಂದುತ್ತೆ. ಬೇಕಾ ಬೇಡವಾ ನೀವು ಹೇಳಬೇಕು," ಎಂದರು. ಅಂದು ಸಂಜೆ ಅವರ ಮನೆಯಲ್ಲಿ ನಾನೂ ಇದ್ದೆ. ಅಣ್ಣ ಕಬ್ಬಿಣದ ಬೆಂಚಿನ ಮೇಲೆ ಕೂತು ಅತ್ತಿಗೆಯನ್ನು ನೋಡಿದ.

"ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

"ನನ್ನ ಮೇಲೆ ಹಾಕ್ಬೇಡಿ," ಎಂದರು ಅತ್ತಿಗೆ. "ಮೈ ನಿಮ್ಮದು. ನಂಗೆ ಭಯ ಇದೆ, ನಾಳೇನೂ ಇರುತ್ತೆ. ನೀವು ಹೂಂ ಅಂದ್ರೂ ನಾನು ಜೊತೆಗಿರ್ತೀನಿ, ಬೇಡ ಅಂದ್ರೂ ಇರ್ತೀನಿ."

ಅಣ್ಣ ಅತ್ತಿಗೆಯ ಪ್ರಶ್ನೆಗಳ ಕಾಗದವನ್ನು ಇನ್ನೊಮ್ಮೆ ಓದಿದ. ಆಮೇಲೆ "ಹೂಂ" ಎಂದ.

ಆಪರೇಷನ್ ದಿನ ಅತ್ತಿಗೆ ಕಾಯುವ ಕೋಣೆಯಲ್ಲಿ ಕೂತು ಯಾರದೋ ಬಟ್ಟೆಗೆ ಕೈಯಲ್ಲೇ ಅಂಚು ಹೊಲಿದರು. ಒಂದು ಕಡೆ ಬೇಕರಿ ಅಕ್ಕ, ಇನ್ನೊಂದು ಕಡೆ ನಾನು. ಡಾಕ್ಟರಮ್ಮ ಹೊರಗೆ ಬಂದು "ಸೋರ್ತಿಲ್ಲ" ಎಂದಾಗ ಅತ್ತಿಗೆ ನಕ್ಕರು, ನಗುತ್ತಲೇ ಅತ್ತರು. ಮಾರನೆಯ ದಿನ ಅಣ್ಣ ತಾನೇ ಎದ್ದು ವಾರ್ಡಿನ ಬಾಗಿಲವರೆಗೆ ನಡೆದ. ಮೂರು ದಿನಕ್ಕೆ ಮನೆಗೂ ನಡೆದೇ ಬಂದ.

ಆಮೇಲಿನದು ಹೂವಿನ ಹಾಸಿಗೆ ಆಗಿರಲಿಲ್ಲ. ಮೊದಲ ವಾರಗಳಲ್ಲಿ ಬರೀ ದ್ರವ, ಅದೂ ಗುಟುಕು ಗುಟುಕು. ನಂತರ ನುಣ್ಣಗೆ ಅರೆದ ಊಟ. ಅವಸರದಲ್ಲಿ ನುಂಗಿದರೆ ವಾಂತಿ. ಮೂರನೇ ತಿಂಗಳು ಕೂದಲು ಉದುರಿತು. ವಿಟಮಿನ್ ಮಾತ್ರೆ ಜೀವನಪೂರ್ತಿ. ಅಣ್ಣನ ಎದುರು ಉಣ್ಣಲು ಸಂಕಟವಾಗಿ ಅತ್ತಿಗೆ ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಿದ್ದರು. ಗುಂಪಿನಲ್ಲಿ ಅದನ್ನು ಹೇಳಿಕೊಂಡಾಗ ಮೇಷ್ಟ್ರು, "ಅವನಿಗೆ ಬೇಕಾಗಿರೋದು ನಿಮ್ಮ ಉಪವಾಸ ಅಲ್ಲಮ್ಮ, ನಿಮ್ಮ ಜೊತೆ," ಎಂದರು. ಅಂದಿನಿಂದ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಅವನದು ಸಣ್ಣ ತಟ್ಟೆ, ಅವರದು ಮಾಮೂಲಿ ತಟ್ಟೆ. ಇನ್ನೊಂದು ಸ್ವಲ್ಪ ಹಾಕ್ಲಾ ಎಂಬ ಮಾತು ಆ ಮನೆಯಲ್ಲಿ ಈಗಿಲ್ಲ. ನಾಳೆ ನಡೆಯೋಕೆ ಯಾವ ಕಡೆ ಹೋಗೋಣ ಎಂಬ ಮಾತಿದೆ.

ಆಪರೇಷನ್ ಆಗಿ ಮೊನ್ನೆಗೆ ಒಂದೂವರೆ ವರ್ಷ ಆಯಿತು. ಬೆಳಗ್ಗೆ ಮೊದಲನೇ ಲಾರಿ ನನ್ನದೇ. ಹೋಗಿ ನೋಡಿದರೆ ವೇಬ್ರಿಡ್ಜ್ ಮೇಲೆ ಅಣ್ಣನೂ ಅತ್ತಿಗೆಯೂ ಪಕ್ಕಪಕ್ಕ ನಿಂತಿದ್ದಾರೆ. ಫಲಕದಲ್ಲಿ ಕೆಂಪು ಅಂಕಿ: ನೂರ ನಲವತ್ತು.

"ನೋಡೋ!" ಎಂದು ಅಣ್ಣ ಕೂಗಿದ. "ಮನೆ ತಕ್ಕಡೀಲಿ ನಾನು ತೊಂಬತ್ತೇಳು, ಇವಳು ನಲವತ್ತೇಳು. ಮುಂಚೆ ನಾನೊಬ್ಬನೇ ಹೊರ್ತಿದ್ದ ನೂರ ನಲವತ್ತು ಕಣೋ ಇದು. ಈಗ ಇದರಲ್ಲಿ ಇಬ್ಬರು ನಿಂತಿದ್ದೀವಿ!"

"ಇಳೀರಿ ಸಾಕು, ಲಾರಿ ಕಾಯ್ತಿದೆ," ಎಂದು ಅತ್ತಿಗೆ ಅವನ ತೋಳು ಎಳೆದರು. ಪಟ್ಟಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದ ಅಂಗಿಯ ತೋಳು ಅದು. ನಾನು ಹಾರ್ನ್ ಹೊಡೆದೆ. ಸಿಟ್ಟಿನ ಹಾರ್ನ್ ಅಲ್ಲ.

ಇದನ್ನು ಓದುತ್ತಿರುವವರೇ, ನೀವೂ ನಿಮ್ಮ ಮೈಯ ಭಾರವನ್ನು ಯಾರಿಗೂ ಹೇಳದೆ ಹೊರುತ್ತಿದ್ದರೆ ನನ್ನದೊಂದು ಮಾತು ಕೇಳಿ. ಇದು ನಾಚಿಕೆಪಡುವ ವಿಷಯವಲ್ಲ, ಡಾಕ್ಟರಿಗೆ ತೋರಿಸುವ ವಿಷಯ. ಸರಿಯಾದ ತಕ್ಕಡಿಯ ಮೇಲೆ ನಿಂತು ಅಂಕಿ ನೋಡಿಕೊಳ್ಳಿ. ಆಪರೇಷನ್ ಎಲ್ಲರಿಗೂ ಬೇಕಾಗಿಲ್ಲ, ಎಲ್ಲರಿಗೂ ಆಗುವುದೂ ಇಲ್ಲ. ಗೋಡೆಗೆ ಅಂಟಿಸಿದ ಜಾಹೀರಾತಿನ ಗ್ಯಾರಂಟಿ ಮಾತು ನಂಬಿ ಓಡಬೇಡಿ, ಯಾರೋ ಹೆದರಿಸಿದರೆಂದು ಮನೆಯಲ್ಲೂ ಕೂರಬೇಡಿ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಒಂದನ್ನೂ ನುಂಗಬೇಡಿ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ನಮ್ಮಂಥ ಗುಂಪು ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮಂಥ ಇನ್ನಿಬ್ಬರನ್ನು ಹುಡುಕಿ ನೀವೇ ಶುರು ಮಾಡಿ. ಕುರ್ಚಿ ಹಾಕುವಾಗ ಮಾತ್ರ ಕೈಯಿಲ್ಲದ್ದನ್ನೇ ಹಾಕಿ.