ಇಪ್ಪತ್ತೇಳು ಭಾವಚಿತ್ರಗಳ ಕೆಳಗೆ

ನಾನು ಒಂದು ಕಂಪ್ಯೂಟರ್ ಮೌಸ್. ಹೊಟ್ಟೆಯಲ್ಲಿ ಕೆಂಪು ದೀಪ, ಬೆನ್ನ ಮೇಲೆ ಎರಡು ಗುಂಡಿ, ನಡುವೆ ಒಂದು ಚಕ್ರ. ಹುಟ್ಟಿದ್ದು ಯಾವುದೋ ಪರದೇಶದ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಒಮ್ಮೆ ಒತ್ತಿ ನೋಡಿ ಡಬ್ಬಿಗೆ ಹಾಕಿದವರ ಮುಖ ನೆನಪಿಲ್ಲ. ನನಗೆ ಮುಖಗಳಿಗಿಂತ ಅಂಗೈಗಳು ಗೊತ್ತು. ಮನುಷ್ಯ ಬಾಯಲ್ಲಿ ಏನೇ ಅನ್ನಲಿ, ಗಾಬರಿಯಾದರೆ ಅಂಗೈ ಬೆವರುತ್ತದೆ. ನನ್ನ ಕಥೆಯಲ್ಲಿ ಬೆವರು ಬಹಳ.

ನನ್ನನ್ನು ಮೊದಲು ಕೊಂಡವರು ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿನ ಪಂಪಣ್ಣ. ಲಗ್ನಪತ್ರಿಕೆ ಅಚ್ಚು ಹಾಕುವುದು ಅವರ ಕಸುಬು. ಅವರ ಕೈಕೆಳಗೆ ನಾನು ಕಲಿತ ವಿದ್ಯೆ ಒಂದೇ, ಯಾರ ಹೆಸರೂ ಬಿಟ್ಟುಹೋಗಬಾರದು. ಸೋದರಮಾವನ ಹೆಸರು ಒಂದು ಸಾಲು ಕೆಳಗೆ ಬಿದ್ದರೂ ಮದುವೆಮನೆಯಲ್ಲಿ ಜಗಳ. ಹಿರಿಯರೆಲ್ಲ ಸಾಲಾಗಿ ಕೂತ ಮೇಲೆ ಉಳಿದ ಜಾಗ ಮುಹೂರ್ತಕ್ಕೆ. ಆದರೂ ಜನ ಬರುತ್ತಿದ್ದರು, ಮದುವೆ ಯಾವತ್ತೆಂದು ಊರಿಗೆಲ್ಲ ಮೊದಲೇ ಗೊತ್ತಿರುತ್ತಿತ್ತಲ್ಲ!

ಆ ಊರಲ್ಲಿ ಖಣದ ವಸ್ತುಸಂಗ್ರಹಾಲಯವಿದೆ. ಖಣವೆಂದರೆ ಆ ಕಡೆ ಹೆಂಗಸರು ಕುಪ್ಪಸಕ್ಕೆ ಬಳಸುವ ಬಟ್ಟೆ. ಹಳೆಯ ಮಗ್ಗಗಳು, ನೇಯ್ದವರ ಹೆಸರು ಬರೆದಿಟ್ಟ ಖಣಗಳು ಅಲ್ಲಿವೆ. ಅದನ್ನು ನಡೆಸುವ ಟ್ರಸ್ಟಿಗೆ ಜಾಲತಾಣ ಬೇಕೆನಿಸಿದಾಗ ಪಂಪಣ್ಣನವರೇ ಮಾಡಿಕೊಟ್ಟರು. ಇಪ್ಪತ್ತೇಳು ಸದಸ್ಯರ ಭಾವಚಿತ್ರಗಳನ್ನು ಒಂದೊಂದಾಗಿ ಎಳೆದು ಕೂರಿಸಿದವನು ನಾನೇ. ಅಧ್ಯಕ್ಷ ಈರಪ್ಪ ರಾಜನಾಳರದು ಎಲ್ಲಕ್ಕಿಂತ ದೊಡ್ಡದು, ಸುತ್ತ ಹೂವಿನ ಅಂಚು. ಕಟ್ಟಕಡೆಗೆ ಜಾಗ ಉಳಿದಿತ್ತೆಂದು 'ನಮಗೆ ಬರೆಯಿರಿ' ಎಂಬ ಗುಂಡಿ. ನಮ್ಮಿಬ್ಬರಿಗೂ ಅದು ಬಹಳ ಚೆಂದ ಕಂಡಿತು. ಆಮೇಲೆ ಅವರು ಹೊಸ ಕಂಪ್ಯೂಟರ್ ಕೊಂಡು, ಹಳೆಯದರ ಜೊತೆ ನನ್ನನ್ನೂ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು.

ಅಲ್ಲಿ ನನ್ನನ್ನು ಹಿಡಿದವರು ಮೇಲ್ವಿಚಾರಕಿ ನೀಲಾಂಬಿಕಾ ಬರಗುಂಡಿ. ಒಣ ಅಂಗೈ, ನಿಧಾನದ ಬೆರಳು. ಆರು ವರ್ಷ ಇಬ್ಬರೂ ಜನರ ದಾರಿ ಕಾದೆವು. ಬಂದವರು ಅಷ್ಟಕ್ಕಷ್ಟೇ. ಕೊನೆಗೆ ಟ್ರಸ್ಟಿನವರು ಮಗ್ಗಗಳನ್ನು ಗೋದಾಮಿಗೆ ಹಾಕಿ, ಕಟ್ಟಡವನ್ನು ಕಲ್ಯಾಣಮಂಟಪ ಮಾಡುವುದೆಂದು ಮಾತಾಡಿಕೊಂಡರು. ಸಾಯಂಕಾಲ ನಾಲ್ಕಕ್ಕೆ ಸಭೆ, ಅಲ್ಲಿ ಸಹಿ ಹಾಕಿದರೆ ಮುಗಿಯಿತು.

ಮಧ್ಯಾಹ್ನ ಈರಪ್ಪನವರು ಬಂದಾಗ ನೀಲಾಂಬಿಕಾ ಒಂದೇ ಮಾತು ಕೇಳಿಕೊಂಡರು. "ಸಾವಕಾರ್ರ, ಸಹಿ ಹಾಕೂಕಿಂತ ಮದಲ ಬ್ಯಾರೆ ಮ್ಯೂಸಿಯಂದವ್ರು ಜನಾನ್ನ ಹೆಂಗ ಕರೀತಾರ, ನೋಡ್ರಿ."

ಆ ಮಧ್ಯಾಹ್ನ ನಾನು ಸುತ್ತಿದ್ದೇ ಸುತ್ತಿದ್ದು. ಮೊದಲನೆಯ ಜಾಲತಾಣದ ಹಣೆಯ ಮೇಲೇ 'ಇಂದು ತೆರೆದಿದೆ, ಐದರವರೆಗೆ' ಎಂದಿತ್ತು. ನಾನು ಎರಡು ಬೆರಳಿನಷ್ಟೂ ಜರುಗಬೇಕಾಗಲಿಲ್ಲ. ಎರಡನೆಯದರಲ್ಲಿ ಪರದೆ ತುಂಬ ಒಂದು ಮಡಕೆಯ ಚಿತ್ರ. ಎಲ್ಲಿ ಒತ್ತಬೇಕೋ ತಿಳಿಯದೆ ಮೂಲೆ ಮೂಲೆ ಅಲೆದೆ. "ಚೆಂದ ಐತಿ, ಆದ್ರ ಬಾಗ್ಲಾ ಎಲ್ಲೈತಿ?" ಎಂದರು ಈರಪ್ಪನವರು. ಮೂರನೆಯದರಲ್ಲಿ ಎಡಕ್ಕೆ ಸಮಯ, ದಾರಿ, ವಸ್ತುಗಳು ಎಂದು ಸಾಲಾಗಿ ಇತ್ತು. ಅರ್ಧ ಗೇಣು ನಡೆದರೆ ಬೇಕಾದ್ದು ಸಿಗುತ್ತಿತ್ತು. ನನಗೆ ಒಳಗೊಳಗೇ ಅಳುಕು ಶುರುವಾಯಿತು.

ನೀಲಾಂಬಿಕಾ ನಮ್ಮದನ್ನು ತೆರೆದು ನನ್ನನ್ನು ಈರಪ್ಪನವರ ಕೈಗೆ ಕೊಟ್ಟರು. "ನೀವ ಹುಡುಕ್ರಿ. ನಾವು ಯಾವಾಗ ತಗದಿರತೀವಿ?"

ಅವರು ಚಕ್ರ ತಿರುಗಿಸಿದರು. ಮೊದಲು ಅವರೇ ಬಂದರು. ಆಮೇಲೆ ಉಪಾಧ್ಯಕ್ಷರು, ಕಾರ್ಯದರ್ಶಿ, ಸದಸ್ಯರು, ಮತ್ತೆ ಸದಸ್ಯರು. ಚಕ್ರ ತಿರುಗಿಯೇ ತಿರುಗಿತು. ಅಂಗೈ ಒದ್ದೆಯಾಯಿತು. ತಳ ಮುಟ್ಟಿದರೂ ಸಮಯ ಸಿಗಲಿಲ್ಲ. ಒಬ್ಬರ ಹೆಸರನ್ನೂ ಬಿಡದ ನಾವು ಬಾಗಿಲು ತೆರೆಯುವ ಹೊತ್ತನ್ನೇ ಬರೆದಿರಲಿಲ್ಲ!

"ಈ ಗುಂಡಿ ಏನ್ ಇದು? ಬರದಿದ್ದು ಎಲ್ಲಿಗೆ ಹೋಗತೈತಿ?" ಎಂದು ಈರಪ್ಪನವರು ಕೇಳಿದರು. ನೀಲಾಂಬಿಕಾಗೂ ಗೊತ್ತಿರಲಿಲ್ಲ. ಪಂಪಣ್ಣನವರನ್ನು ಕರೆಸಿದರು.

"ಅದಕ್ಕ ಒಂದು ಮೇಲ್ ಐತ್ರಿ," ಎಂದರು ಪಂಪಣ್ಣ. "ಪಾಸ್‌ವರ್ಡ್ ನನ್ನ ಹತ್ರ ಐತಿ. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಲಗ್ನಪತ್ರಿಕಿಗೆ ಯಾರರ ಉತ್ತರಾ ಬರೀತಾರೇನ್ರಿ?"

ತೆರೆದರೆ ಇನ್ನೂರ ಹದಿನಾಲ್ಕು ಪತ್ರ. ಒಂದನ್ನೂ ಯಾರೂ ಓದಿರಲಿಲ್ಲ. ಶಾಲೆಯವರು, ಕಾಲೇಜಿನವರು, ದೂರದ ನೇಕಾರರು, ಎಲ್ಲರದೂ ಒಂದೇ ಪ್ರಶ್ನೆ. ಗದಗಿನ ಸುಲೋಚನಾ ಬೇವೂರ ಎಂಬಾಕೆ ಮೂರು ಸಲ ಬರೆದಿದ್ದಳು.

'ನಮ್ಮ ತಾಯಿ ಚನ್ನಬಸವ್ವ ನೇಯ್ದ ಖಣ ನಿಮ್ಮಲ್ಲಿದೆಯಂತೆ. ಅವಳ ಕಣ್ಣು ಮಂಜಾಗುತ್ತಿದೆ. ಒಮ್ಮೆ ನೋಡಬೇಕೆನ್ನುತ್ತಾಳೆ. ಯಾವ ದಿನ ತೆರೆದಿರುತ್ತದೆ?'

'ಉತ್ತರ ಬರಲಿಲ್ಲವೆಂದು ಬುಧವಾರ ಅವಳನ್ನು ಕರೆದುಕೊಂಡೇ ಬಂದೆವು. ಬೀಗ ಹಾಕಿತ್ತು. ಯಾವ ದಿನ ಬರಬೇಕು?'

'ಅವ್ವ ಹೋದಳು. ಇನ್ನು ತಿಳಿಸದಿದ್ದರೂ ನಡೆಯುತ್ತದೆ.'

"ಬುಧವಾರ ನಮ್ಮ ಸೂಟಿ," ಎಂದರು ನೀಲಾಂಬಿಕಾ. ಈರಪ್ಪನವರು ನನ್ನ ಮೇಲಿಂದ ಕೈ ತೆಗೆದರು. ನನ್ನ ಬೆನ್ನೆಲ್ಲ ತೋಯ್ದು ಹೋಗಿತ್ತು. ನಾಲ್ಕರ ಸಭೆಯಲ್ಲಿ ಅವರು ಸಹಿ ಹಾಕಲಿಲ್ಲ. ಕಲ್ಯಾಣಮಂಟಪದ ಮಾತನ್ನೇ ಎತ್ತಬೇಡಿರೆಂದು ಹೇಳಿ, ಎಲ್ಲರಿಗೂ ಆ ಮೂರು ಪತ್ರ ಓದಿಸಿದರು. ಸಭೆ ಮುಗಿದ ಮೇಲೆ ತಾವೇ ಹೇಳಿ ಸುಲೋಚನಾಗೆ ಉತ್ತರ ಬರೆಸಿದರು. 'ಮಾನ್ಯರೇ' ಎಂದು ಶುರುವಾಗಿ, ಆಡಳಿತ ಮಂಡಳಿಯ ಪರವಾಗಿ ವಿಷಾದ, ಸಂತಾಪ, ಕ್ಷಮಾಪಣೆ, ಕೆಳಗೆ ಇಪ್ಪತ್ತೇಳು ಹೆಸರು. ಕಳುಹಿಸುವ ಗುಂಡಿ ಒತ್ತಿದಾಗ ನನಗೂ ಹಗುರವೆನಿಸಿತು.

ಮರುದಿನ ಉತ್ತರ ಬಂತು. 'ನಿಮ್ಮ ಪತ್ರ ಪೂರ್ತಿ ಓದಿದೆ. ಯಾವ ದಿನ ತೆರೆದಿರುತ್ತದೆ ಎಂದು ಈಗಲೂ ಬರೆದಿಲ್ಲ.'

ನಾಚಿಕೆಯಿಂದ ನನ್ನ ಹೊಟ್ಟೆಯ ದೀಪ ಆರಿಹೋಗಬಾರದೇ ಎನಿಸಿತು. ಈರಪ್ಪನವರು ಪಂಪಣ್ಣನವರನ್ನು ಮತ್ತೆ ಕರೆಸಿ, "ಪಂಪಣ್ಣಾ, ಮದಲ ನನ್ನ ಫೋಟೋ ತಗಿ," ಎಂದರು. ಆ ಜಾಗದಲ್ಲಿ ನಾವು ಬರೆದದ್ದು ಒಂದೇ ಸಾಲು: ಬುಧವಾರ ಬಿಟ್ಟು ದಿನಾಲೂ ಹತ್ತರಿಂದ ಐದು. ಅದನ್ನೇ ಇನ್ನೂರ ಹದಿನಾಲ್ಕು ಪತ್ರಗಳಿಗೂ ಉತ್ತರವಾಗಿ ಕಳುಹಿಸಿದೆವು. ಆ ಕೆಲಸದಲ್ಲಿ ನನ್ನ ಎಡಗುಂಡಿ ಸವೆದು ಸೋತಿತು.

ಈಗ ನಾನು ಮೇಜಿನ ಖಾನೆಯಲ್ಲಿದ್ದೇನೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಹೆಜ್ಜೆಗಳ ಸಪ್ಪಳ ಮಾತ್ರ ಕೇಳುತ್ತದೆ. ಮೊನ್ನೆ ಒಬ್ಬ ಹೆಂಗಸು ಬಂದು, "ಗದಗಿನಿಂದ ಬಂದೇನ್ರಿ. ನಮ್ಮವ್ವ ಚನ್ನಬಸವ್ವ ನೇಯ್ದಿದ್ದು ಎಲ್ಲೈತ್ರಿ?" ಎಂದು ಕೇಳಿದಳು. ನೀಲಾಂಬಿಕಾ ಕುರ್ಚಿ ಸರಿಸಿ ಎದ್ದರು.

"ಬರ್ರಿ, ಇಲ್ಲೇ ಐತಿ."

ಇಷ್ಟು ಹೇಳಲಿಕ್ಕೆ ನಮಗೆ ಆರು ವರ್ಷ ಹಿಡಿದಿತ್ತು.