ಅಂಗೈಗೆ ಕೇಳುವ ಶ್ರುತಿ

ಈ ಕುದುರೆ ಎಲ್ಲಿ ಹೋಯ್ತು, ಮೇಜನ್ನು ಕೇಳಿದೆನೋ ಗಾಳಿಯನ್ನು ಕೇಳಿದೆನೋ, ಬಾಯಿಬಿಟ್ಟು ಕೇಳಿದ್ದು ನಿಜ, ಯಾರನ್ನೂ ಕೇಳಿದ್ದಲ್ಲ, ಆದರೂ ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು, ಮೇಯೋಕೆ ಹೋಗಿರ್ಬೇಕು ಬಿಡಿ, ಹೊಟ್ಟೆ ತುಂಬಿದ್ಮೇಲೆ ತಾನೇ ಬರುತ್ತೆ — ಬರದಿದ್ದರೆ ತಂತಿಗಳನ್ನು ಯಾರು ಹೊರಬೇಕು, ಅಂಗೈಯಗಲದ ಉಕ್ಕಿನ ತುಂಡು ಅದು, ಒಡಲಿನ ಮೇಲೆ ಕೂತು ನಾಲ್ಕು ತಂತಿಯನ್ನೂ ಬೆನ್ನಮೇಲೆ ಹೊರುವುದು, ತರಿಸಿದ ಪೊಟ್ಟಣದ ಮೇಲೆ ಅದಕ್ಕೆ ಬೇರೆ ಹೆಸರಿತ್ತು, ಆದರೆ ಯಾವ ಸೀಮೆಯ ವಾದ್ಯವಾದರೇನು, ತಂತಿ ಹೊರುವುದು ನಮ್ಮ ಬಾಯಲ್ಲಿ ಕುದುರೆಯೇ, ತಂತಿ ಬಿಗಿಯುವುದು ಬಿರಡೆಯೇ. ಭಾನುವಾರ, ಅಂಗಡಿಗೆ ರಜೆ, ಊಟದ ಮೇಜಿನ ಮೇಲೆ ಊಟವೊಂದು ಬಿಟ್ಟು ಮಿಕ್ಕೆಲ್ಲ ಇದೆ, ರಟ್ಟಿನ ಪೆಟ್ಟಿಗೆಗಳು, ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕು, ಸವೆದ ಸ್ಯಾಂಡ್ ಪೇಪರು, ಮರದ ಹುಡಿ, ನಡುವೆ ಬೇಸ್ ಗಿಟಾರು, ಒಡಲಿಗೆ ಕತ್ತು ಕೂಡಿಸಿಯಾಗಿದೆ, ತಂತಿ ಇಲ್ಲ, ಮಾತು ಬಾರದ ಕೂಸಿನ ಹಾಗೆ ಬೆನ್ನಮೇಲೆ ಮಲಗಿದೆ. ನಿಮ್ಮಮ್ಮನಿಗೆ ಗಿಟಾರಾ, ಕೇಳಿದವ್ರು ನಗ್ತಾರೆ ಕಣ್ರೀ, ಎಂದಿದ್ದಳು ಇವಳು, ಮೊದಲ ಪೊಟ್ಟಣ ಬಂದ ದಿನ, ಆದರೆ ಕತ್ತರಿ ತಂದು ದಾರ ಕತ್ತರಿಸಿದವಳೂ ಇವಳೇ. ನಗಲಿ. ಆ ಗೋಡೆಯನ್ನು ಇವಳೂ ನೋಡಿದ್ದಾಳೆ, ಗೋಡೆಯಾಚೆ ಬಾಡಿಗೆಗೆ ಬಂದವನು ಬೇಸ್ ಬಾರಿಸುತ್ತಾನೆ, ಇವಳು ಅವನಿಗೆ ಗುಡುಗು ಎಂದು ಹೆಸರಿಟ್ಟಿದ್ದಾಳೆ, ಅವತ್ತು ಸಂಜೆ ಗುಡುಗು ಗುಡುಗುತ್ತಿದ್ದ, ಕಪಾಟಿನ ಲೋಟಗಳು ಝಣಝಣ ಎನ್ನುತ್ತಿದ್ದವು, ನಾನು ಹೋಗಿ ಹೇಳಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟವನು ನಡುಮನೆಯಲ್ಲೇ ನಿಂತುಬಿಟ್ಟೆ, ಅಮ್ಮ ಗೋಡೆಗೆ ಎದುರಾಗಿ ನಿಂತಿದ್ದಳು, ಬಾಗಿಲ ಕರೆಗಂಟೆ ಕೇಳದ ಅಮ್ಮ, ಕುಕ್ಕರಿನ ಸೀಟಿ ಕೇಳದ ಅಮ್ಮ, ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು, ಐದು ಬೆರಳೂ ಬಿಡಿಸಿ, ಸೂಜಿ ಚುಚ್ಚಿ ಚುಚ್ಚಿ ಒರಟಾದ ತೋರುಬೆರಳೂ ಸೇರಿ, ಮಗುವಿನ ಜ್ವರ ನೋಡುವವರ ಹಾಗೆ. ಯಾರೋ ಶ್ರುತಿ ಹಿಡಿದಿದಾರೆ, ಎಂದಳು. ನಾನು ಚಪ್ಪಲಿ ಬಿಟ್ಟೆ.

ಒಳಕೋಣೆಯಲ್ಲಿದೆಯೇನೋ ನೋಡೋಣ — ಇದೆ, ನೋಡು, ಕಳೆದುಹೋದ ಕುದುರೆ ಇಲ್ಲಿ ಕಟ್ಟಿದೆ, ಹಾಸಿದ ಬಟ್ಟೆ ಫ್ಯಾನಿನ ಗಾಳಿಗೆ ಹಾರದಿರಲೆಂದು ಅಮ್ಮ ಅದನ್ನೇ ಮೂಲೆಗೆ ಭಾರ ಇಟ್ಟಿದ್ದಾಳೆ, ಸೀಮೆಸುಣ್ಣದ ಗೆರೆ ಸರಿಯಾಗಿ ಅದರ ಪಕ್ಕದಿಂದ ಹಾದುಹೋಗಿದೆ, ನಾನು ಬಂದದ್ದು ಅವಳಿಗೆ ಗೊತ್ತಿಲ್ಲ, ಬೆನ್ನು ಮಾಡಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ, ಕಾಲು ಮಣೆಯನ್ನು ತುಳಿಯುತ್ತಿದೆ, ಬಲಗೈ ಚಕ್ರದ ಮೇಲಿದೆ, ಬಾಯಿ ಮುಚ್ಚಿದೆ. ಆ ಬಾಯಿ ಮುಚ್ಚಿದ್ದನ್ನು ನಾನು ಎಲ್ಲಿ ನೋಡಿದ್ದೆ, ಹುಟ್ಟಿದಾಗಿನಿಂದ ಆ ಮಣೆಯ ಸದ್ದಿನ ಮೇಲೆ ಪದ್ಯ ಕೂತೇ ಇರುತ್ತಿತ್ತು, ಮೂರು ನಾಲ್ಕು ಮೂರು ನಾಲ್ಕು, ಕಾಲು ತುಳಿದ ಹಾಗೆ ಗಣ ಬೀಳುತ್ತಿತ್ತು, ತೋಳು ಹೊಲಿಯುವಾಗ ಒಂದು, ಕಾಲರು ತಿರುಗಿಸುವಾಗ ಇನ್ನೊಂದು, ದಾರವನ್ನು ಹಲ್ಲಿನಲ್ಲಿ ಕಡಿಯುವಾಗ ಮಾತ್ರ ಯತಿ, ಊರೆಲ್ಲ ದೇವರನ್ನು ಎಲ್ಲೆಲ್ಲೋ ಹುಡುಕಿದರೆ ನನಗೆ ದೇವರು ಸಿಕ್ಕಿದ್ದು ಆ ಯತಿಯಲ್ಲಿ, ಮುಂದಿನ ಸಾಲು ಬರುತ್ತದೆ ಎಂಬ ನೆಚ್ಚಿಕೆಯಲ್ಲಿ, ಅದು ಬಂದೇ ಬರುತ್ತಿತ್ತು. ನೀನು ಅಳುಬುರುಕ ಕಣೋ, ಕೆಳಗೆ ಬಿಟ್ರೆ ಸಾಕು ಸೂರು ಹಾರ್ತಿತ್ತು, ಅದಕ್ಕೇ ಎಡಭುಜಕ್ಕೆ ಹಾಕ್ಕೊಂಡೇ ಹೊಲೀತಿದ್ದೆ, ಬಲಗೈಗೆ ಚಕ್ರ ಬೇಕಲ್ಲ, ಎನ್ನುತ್ತಿದ್ದಳು, ನೆಂಟರ ಮುಂದೆಲ್ಲ, ನನಗೆ ಮೀಸೆ ಬಂದ ಮೇಲೂ. ನಾನು ಹೇಳುವವನಾಗಲಿಲ್ಲ, ಕೇಳುವವನಾದೆ, ಎಷ್ಟೋ ಪದ್ಯ ಒಳಗಿವೆ, ಒಂದನ್ನೂ ಬಾಯಿಬಿಟ್ಟು ಹೇಳಿದವನಲ್ಲ, ಹೇಳಲು ಅವಳಿದ್ದಳಲ್ಲ. ಆಮೇಲೆ ವಾಚನಾಲಯದ ಆ ಸಭೆ, ಅಮ್ಮ ಮೈಕಿನ ಮುಂದೆ, ಹೊತ್ತ ಹೊರೆಯನು ಇಳಿಸಿ ಕುಳಿತರೆ, ಸ್ವರ ಜಾರಿತು, ಅವಳಿಗೆ ತಿಳಿಯಲಿಲ್ಲ, ಮತ್ತೆ ಅದೇ ಸಾಲು, ಇನ್ನೂ ಜಾರಿತು, ಶ್ರುತಿಪೆಟ್ಟಿಗೆ ಒಂದು ದಾರಿ ಅಮ್ಮ ಒಂದು ದಾರಿ, ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಕಿವಿ ಹೋದರೂ ಕಣ್ಣು ಚೂಪು ಅವಳದು, ಕನ್ನಡಕ ನಾನೇ ಮಾಡಿಕೊಟ್ಟದ್ದು, ಸೆರಗುಗಳನ್ನು ನೋಡಿದಳು, ಕುಳಿತರೆ ಎಂಬಲ್ಲಿ ನಿಂತಳು, ಮೇಜಿನ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತು ಇಳಿದು ಬಂದಳು. ಇಳಿದದ್ದು ಇಳಿದದ್ದೇ. ಅಂದಿನಿಂದ ಮಣೆ ತುಳಿಯುವ ಸದ್ದು ಬರೀ ಸದ್ದು, ಆ ಸಾಲಿನ ಉಳಿದರ್ಧ ನನಗೆ ಗೊತ್ತು, ಆದರೆ ಅದು ನಾನು ಹೇಳುವುದಲ್ಲ, ನನ್ನ ತಲೆಯಲ್ಲಿ ಕುಳಿತರೆ ಕುಳಿತರೆ ಎಂದು ಅದು ಕುಳಿತೇ ಇದೆ, ಏಳುವುದಿಲ್ಲ.

ಕಿವಿಯ ಯಂತ್ರ ಹಾಕಿಸಿದೆವು, ತಗಡಿನ ಮೇಲೆ ಪದ್ಯ ಸುರಿದ ಹಾಗಾಗುತ್ತೆ ಕಣೋ ಎಂದು ತೆಗೆದು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು, ಕಿವಿ ಡಾಕ್ಟರಮ್ಮ ಬೈಯಲಿಲ್ಲ, ಎಡಗಿವಿಗೆ ಏನೂ ಉಳಿದಿಲ್ಲ, ಬಲಗಿವಿಯಲ್ಲಿ ಕೆಳಗಿನ ಸ್ವರ ಸ್ವಲ್ಪ ಉಳಿದಿದೆ ಎಂದು, ಉಕ್ಕಿನ ಕವೆಯೊಂದನ್ನು ಮೊಣಕೈಗೆ ತಟ್ಟಿ ಅಮ್ಮನ ಹಣೆಯ ನಡುವೆ ಊರಿದರು, ಈಗ ಕೇಳ್ತಾ ಇದೆಯಾ ಅಜ್ಜಿ, ಅಮ್ಮ ಡಾಕ್ಟರಮ್ಮನ ತುಟಿ ನೋಡಿ, ತಲೆ ತುಂಬಾ ಇದೆಯಲ್ಲ ಮಗಳೇ, ಎಂದಳು, ಡಾಕ್ಟರಮ್ಮ ನನ್ನ ಕಡೆ ತಿರುಗಿ, ಮೂಳೆ ಮೂಲಕ ಹೋಗುತ್ತೆ, ಮೂಳೆಗೆ ಎಡ ಬಲ ಅಂತ ಭೇದ ಇಲ್ಲ ನೋಡಿ, ಎಂದರು, ನಾನು ತಲೆಯಾಡಿಸಿದೆ, ಕೇಳಿದ್ದು ಬಲಗಿವಿ ಎಂಬ ಮಾತು ಮಾತ್ರ. ಆ ಹಣೆ, ಆ ಗೋಡೆ, ಎರಡೂ ಸೇರಿ ಈ ಮೇಜಿನ ಮೇಲೆ ಮರವಾಗಿ ಬಂದು ಮಲಗಿದೆ. ಗುಡುಗನನ್ನೇ ಕೇಳಿದೆ, ಬಿಡಿ ಭಾಗ ತರಿಸಿ ಮನೆಯಲ್ಲೇ ಕೂಡಿಸಬಹುದಾ ಎಂದು, ಅವನು ಹಿಗ್ಗಿ ಹೀರೇಕಾಯಿಯಾದ, ಬೈಯಬೇಕಾದವನು ಶಿಷ್ಯನಾಗಿ ಬಂದನಲ್ಲ ಎಂದು, ಆದರೆ ನನಗೆ ಬೇಕಾದ್ದು ಕೇಳಿ ಗಾಬರಿಬಿದ್ದ, ಕತ್ತಿನ ಮೇಲೆ ಮೆಟ್ಟಿಲೇ ಬೇಡ್ವಾ ಸರ್, ಬೆರಳು ಎಲ್ಲಿಡ್ತೀರಿ, ಎಲ್ಲೂ ಇಡುವುದಿಲ್ಲಪ್ಪ, ತಂಬೂರಿ ಹಾಗೆ ತಂತಿ ಬಿಟ್ಟೇ ಮೀಟೋದು, ದಪ್ಪನೆಯದು ಕೆಳಗಿನ ಷಡ್ಜ, ಪಕ್ಕದ್ದು ಪಂಚಮ, ಮಿಕ್ಕೆರಡೂ ಮೇಲಿನ ಷಡ್ಜ, ಅವನು ತಲೆ ಕೆರೆದುಕೊಂಡು, ಅದು ಬೇಸ್ ಅಲ್ಲ ಸರ್, ಹಠ, ಎಂದ. ಹಠವೇ ಸರಿ. ಗರಗಸ ನನಗೆ ಹೊಸದು, ಸಣ್ಣ ಸ್ಕ್ರೂ ಹೊಸದಲ್ಲ, ಇಷ್ಟು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದವನು, ಜನರ ಮೂಗಿನ ದಿಣ್ಣೆ ನೋಡಿ ಫ್ರೇಮು ಬಾಗಿಸಿದವನು, ಮರವನ್ನೂ ಹಾಗೇ ಬಾಗಿಸಬೇಕು, ಮಡಿಲಲ್ಲಿ ನೆಟ್ಟಗೆ ನಿಂತರೆ ಅದರ ಬೆನ್ನು ಅಮ್ಮನ ಕೊರಳೆಲುಬಿಗೆ ಕೂರಬೇಕು, ಅವಳ ದವಡೆ ಒರಗಬೇಕು, ಅಷ್ಟಕ್ಕೆ ಒಂದು ತಗ್ಗು ಕೆತ್ತಿದ್ದೇನೆ, ಬಲಭುಜಕ್ಕೆ, ಬಲಗಿವಿಯ ಕಡೆಗೆ, ಅವಳು ಹೊಲಿಯುತ್ತಿದ್ದಾಗ ಹಿಂದೆ ನಿಂತು ಅವಳದೇ ಟೇಪಿನಿಂದ ಅಳೆದಿದ್ದೆ, ಏನೋ ಇದು, ನನಗೆ ರವಿಕೆ ಹೊಲೀತೀಯಾ, ಎಂದು ನಕ್ಕಿದ್ದಳು. ಕುದುರೆಯನ್ನು ತಂದು ಕೂರಿಸುತ್ತೇನೆ, ಸ್ಕ್ರೂ ಮರದೊಳಗೆ ಕಿರ್ ಎನ್ನುತ್ತಾ ಇಳಿಯುತ್ತದೆ, ಮೊದಲ ತಂತಿ ಹೆಬ್ಬಾವಿನ ಹಾಗೆ ಕೈಗೆ ಸುತ್ತಿಕೊಳ್ಳುತ್ತದೆ, ಬಿರಡೆ ತಿರುಗಿಸಿದಷ್ಟೂ ನೆಟ್ಟಗಾಗುತ್ತದೆ, ಮೀಟಿದರೆ ಮೊದಲು ಗೊರ ಗೊರ, ಇನ್ನೊಂದು ಸುತ್ತು, ಇನ್ನರ್ಧ, ಈಗ ಮೇಜೇ ಹೂಂ ಎನ್ನುತ್ತಿದೆ, ಮರದ ಹುಡಿ ಮೇಜಿನ ಮೇಲೆ ನಡುಗುತ್ತಿದೆ, ಮಿಕ್ಕ ಮೂರು ತಂತಿಯನ್ನೂ ಹಾಗೇ ಬಿಗಿಯುತ್ತೇನೆ, ವಿದ್ಯುತ್ತಿನ ತಂತಿಗಳನ್ನು ಬೆಸೆಯಲು ಗುಡುಗು ಸಂಜೆ ಬರುತ್ತಾನಂತೆ, ಬರಲಿ, ಅವಳಿಗೆ ಬೇಕಾದ್ದು ಸ್ಪೀಕರಲ್ಲ, ಮರ. ಹೆಂಡತಿ ಒದ್ದೆ ಕೈಯಲ್ಲೇ ಬಂದು ನಿಂತಿದ್ದಾಳೆ, ನಗುತ್ತಿಲ್ಲ, ಈಗಲೇ ತಗೊಂಡು ಹೋಗಿ, ಎನ್ನುತ್ತಾಳೆ, ಅಲ್ಲ ಕಣೇ, ಅಮ್ಮ ಒಲ್ಲೆ ಅಂದ್ಬಿಟ್ರೆ, ಎಂದರೆ, ಅಂದ್ರೆ ಅನ್ಲಿ, ಈಗೇನು ಮಹಾ ಹಾಡ್ತಿದಾರಾ, ಎನ್ನುತ್ತಾಳೆ — ಅದೇ, ಅದೇ ನನ್ನ ಭಯ, ಮಾಡುತ್ತಿರುವಷ್ಟು ದಿನ ಮುಂದಿನ ಸಾಲು ಬರುತ್ತದೆ ಎಂಬ ನೆಚ್ಚಿಕೆಯಿತ್ತು, ಮುಗಿದ ಮೇಲೆ ಅವಳು ಒಲ್ಲೆ ಎಂದರೆ ಅದಕ್ಕೂ ಜಾಗವಿಲ್ಲ, ಕುಳಿತದ್ದು ಕುಳಿತೇ ಹೋಗುತ್ತದೆ.

ಎತ್ತಿಕೊಂಡು ಹೋಗುತ್ತೇನೆ, ಕತ್ತು ಬಾಗಿಲಿಗೆ ತಾಗದಂತೆ ಓರೆ ಮಾಡಿ, ಅಮ್ಮನ ಎದುರಿಗೆ ಮುಕ್ಕಾಲಿ ಎಳೆದು ಕೂರುತ್ತೇನೆ, ಮುಖ ತೋರಿಸಿ ಮಾತಾಡಬೇಕು ಅವಳ ಹತ್ತಿರ, ಇದು ನಿನಗೆ ಅಮ್ಮ, ಎನ್ನುತ್ತೇನೆ, ಅವಳು ನನ್ನ ತುಟಿ ನೋಡುತ್ತಾಳೆ, ಮರ ನೋಡುತ್ತಾಳೆ, ಬಟ್ಟೆ ನೋಡುವವರ ಹಾಗೆ ಹೆಬ್ಬೆರಳಿನಲ್ಲಿ ಅಂಚು ಸವರುತ್ತಾಳೆ, ನನಗೆ ಯಾಕೋ ಈ ವಯಸ್ಸಲ್ಲಿ ಇದು, ಹುಡುಗು ಮುಂಡೇದೇ, ಅಂಗಡೀಲಿ ಕೆಲಸ ಇಲ್ವಾ, ಎನ್ನುತ್ತಾಳೆ, ಎನ್ನುತ್ತಲೇ ಮಡಿಲಿನ ಬಟ್ಟೆ ಸರಿಸುತ್ತಾಳೆ. ನೆಟ್ಟಗೆ ನಿಲ್ಲಿಸಿ ಬಲಭುಜಕ್ಕೆ ಒರಗಿಸಿದೆ — ಕೂರಲಿಲ್ಲ, ಮರದ ಮೂಲೆ ಕೊರಳೆಲುಬಿಗೆ ಚುಚ್ಚಿತು, ಅಮ್ಮ ಹಾ ಎಂದಳು, ತಗ್ಗು ಎಲ್ಲಿ, ತಗ್ಗು ಆ ಕಡೆ, ಎಡಕ್ಕಿದೆ, ಅಂಗಡಿಯಲ್ಲಿ ಎದುರು ಕೂತವರ ಬಲಗಣ್ಣು ನನ್ನ ಎಡಕ್ಕೆ, ದಿನವಿಡೀ ಬಲವನ್ನು ಎಡ ಮಾಡಿ ಎಡವನ್ನು ಬಲ ಮಾಡಿ ಕೈಗೆ ಅದೇ ರೂಢಿ, ಅವತ್ತು ನಾನು ಅವಳ ಹಿಂದೆ ನಿಂತಿದ್ದೆ, ಅವಳ ಬಲ ನನ್ನ ಬಲವೇ ಆಗಿತ್ತು, ಆದರೂ ಕೈ ಅದನ್ನು ತಿರುಗಿಸಿಬಿಟ್ಟಿದೆ, ತಿಂಗಳುಗಟ್ಟಲೆ ಕೆತ್ತಿ ಉಜ್ಜಿ ಎಣ್ಣೆ ತಿಕ್ಕಿ ಏನೂ ಉಳಿಯದ ಕಿವಿಗೆ ತೊಟ್ಟಿಲು ಮಾಡಿದ್ದೇನೆ. ತಪ್ಪಾಯ್ತಮ್ಮ, ಕೊಡು ಇಲ್ಲಿ, ಎನ್ನಬೇಕು, ಅಷ್ಟರಲ್ಲಿ ಅವಳು ಅದನ್ನು ತಾನೇ ಎತ್ತಿ, ಅಳುವ ಮಗುವನ್ನು ಬದಲಿಸಿಕೊಂಡ ಹಾಗೆ, ಎಡಭುಜಕ್ಕೆ ಹಾಕಿಕೊಂಡಳು, ಕೂತಿತು, ಅಳೆದು ಹೊಲಿದ ತೋಳಿನ ಹಾಗೆ ಕೂತಿತು, ದವಡೆ ಒರಗಿತು, ಬಲಗೈ ಖಾಲಿ ಉಳಿಯಿತು, ಚಕ್ರದ ಕೈ. ನನ್ನ ಹೆಬ್ಬೆರಳು ದಪ್ಪ ತಂತಿಯನ್ನು ಮೀಟಿದ್ದು ಮೀಟಬೇಕೆಂದಲ್ಲ, ಬೀಳುತ್ತದೇನೋ ಎಂದು ಹಿಡಿಯಲು ಹೋದದ್ದು, ಹೂಂ ಎಂದಿತು ಮರ, ಅಮ್ಮನ ಕಣ್ಣು ದೊಡ್ಡದಾಯಿತು, ಆಮೇಲೆ ಮುಚ್ಚಿತು, ಮೀಟಿದೆ ಮತ್ತೆ, ಷಡ್ಜ, ಪಂಚಮ, ಮೇಲಿನದು, ಮೇಲಿನದು, ಷಡ್ಜ, ಅವಳ ಬಲಗೈ ಬಂದು ಮರದ ಮೇಲೆ ಬಿಡಿಸಿಕೊಂಡಿತು, ಐದು ಬೆರಳೂ, ಗೋಡೆಯ ಮೇಲಿದ್ದ ಹಾಗೇ, ಮೂಳೆಗೆ ಎಡ ಬಲ ಇಲ್ಲ ನೋಡಿ, ಈಗ ಕೇಳುತ್ತಿದೆ ಡಾಕ್ಟರಮ್ಮನ ಮಾತು ನನಗೆ, ಇಷ್ಟು ತಡವಾಗಿ, ಮೀಟುತ್ತೇನೆ, ಯಂತ್ರದ ಕೆಳಗೆ ಅವಳ ಕಾಲು ಮಣೆಯನ್ನು ತುಳಿಯತೊಡಗಿದೆ, ಬಟ್ಟೆಯಿಲ್ಲದೆ, ಮೂರು ನಾಲ್ಕು, ಮೂರು ನಾಲ್ಕು, ನಾನು ಹೇಳು ಎನ್ನಲಿಲ್ಲ, ಎಂದರೂ ಕಣ್ಣು ಮುಚ್ಚಿದವಳಿಗೆ ಕಾಣುವುದಿಲ್ಲ, ತಂತಿಗಿಂತ ಕೆಳಗಿನಿಂದ, ಎಲ್ಲೋ ನೆಲದಿಂದ ಬಂದ ಹಾಗೆ, ಹಳೆಯ ಸ್ವರವಲ್ಲ, ಅರ್ಧ ಇಳಿದುಹೋದ ಸ್ವರ, ಆದರೆ ಜಾರದ ಸ್ವರ, ಮತ್ತೆ ಏಳುವುದೆಂತು ಎಂದಳು, ಎಂದಳು ಅಮ್ಮ, ಮೊದಲರ್ಧ ಹೇಳಲಿಲ್ಲ, ಅದನ್ನು ಆ ಸಭೆಯಲ್ಲೇ ಹೇಳಿಯಾಗಿತ್ತಲ್ಲ, ನಿಂತಲ್ಲಿಂದಲೇ ಎತ್ತಿಕೊಂಡಳು, ಮತ್ತೆ ಏಳುವುದೆಂತು ಎಂದಳು, ಎರಡನೆಯ ಸಲ, ಬಾಗಿಲಲ್ಲಿ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ, ನಗಲಿಕ್ಕಲ್ಲ. ತಂತಿ ನಿಂತಿತು. ಅಮ್ಮ ಕಣ್ಣು ತೆರೆದಳು, ನನ್ನ ಮುಖ ನೋಡಿದಳು, ನಾನು ಏನನ್ನಾದರೂ ಅನ್ನಬೇಕಿತ್ತು, ಇಷ್ಟು ಹೊತ್ತಿನ ಮೇಲೆ ಬಾಯಿಗೆ ಬಂದದ್ದು ಅಂಗಡಿಯವನ ಮಾತೇ, ಅಳತೆ ತಪ್ಪಿದೆ ಅಮ್ಮ, ಬಲಕ್ಕೆ ಮಾಡಬೇಕಿದ್ದನ್ನ ಎಡಕ್ಕೆ ಮಾಡಿಬಿಟ್ಟಿದೀನಿ, ಕೊಡು, ಸರಿಮಾಡಿ ತರ್ತೀನಿ, ಎಂದು ಕೈ ಚಾಚಿದೆ, ಅವಳು ನನ್ನ ತುಟಿಗಳನ್ನು ಪೂರ್ತಿ ಓದಿದಳು, ಒಂದಕ್ಷರ ಬಿಡದೆ, ಮರವನ್ನು ಭುಜಕ್ಕೆ ಇನ್ನಷ್ಟು ಒತ್ತಿಕೊಂಡಳು, ಅಂಗೈ ಅದರ ಮೇಲೆ, ಐದು ಬೆರಳೂ ಬಿಡಿಸಿ, ಆ ಅಂಗೈ —

ಕೊಡಲ್ಲ, ಹೋಗೋ.